ಗ್ರಾನೈಟ್‌ವಿಲ್ : ಗಿರಣಿಗಾಗಿ ಹುಟ್ಟಿದ ಊರು

ನೇಕಾರರ ಊರು ಎಂದೊಡನೆ ನಮ್ಮವರಿಗೆ ನೆನಪಾಗುವುದು ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳಂತಹ ಊರುಗಳು. ಅಲ್ಲಿ ಮಗ್ಗವು ಮನೆಯೊಳಗೇ ಇರುತ್ತದೆ. ಮಗ್ಗದ ಪಕ್ಕದಲ್ಲಿ ಒಲೆ, ಒಲೆಯ ಪಕ್ಕದಲ್ಲಿ ತೊಟ್ಟಿಲು, ಎದುರಿಗೆ ದೇವರ ಜಗುಲಿ. ಗಂಡ ನೇಯ್ದರೆ ಹೆಂಡತಿ ಕಂಡಿಕೆ ಸುತ್ತುವಳು. ದುಡಿಮೆಯೂ ಸಂಸಾರವೂ ಒಂದೇ ಸೂರಿನಡಿಯಲ್ಲಿ ನಡೆಯುವುವು. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಕಳೆದುಹೋದ ಎರಡು ಶತಮಾನಗಳಲ್ಲಿ ನೂರಾರು ನೇಯ್ಗೆಯ ಊರುಗಳು ಹುಟ್ಟಿಕೊಂಡವು. ಅಲ್ಲಿ ಈ ಸಂಬಂಧವು ತಿರುವುಮುರುವಾಗಿತ್ತು. ಮೊದಲು ಗಿರಣಿ, ಆ ಬಳಿಕ ಗಿರಣಿಗೆ ಬೇಕಾದ ಜನ, ಆ ಜನರಿಗೆ ಬೇಕಾದ ಮನೆ. ನಮ್ಮಲ್ಲಿ ಮನೆಯೊಳಗೆ ಮಗ್ಗ. ಅಲ್ಲಿ ಮಗ್ಗಕ್ಕಾಗಿ ಮನೆ.

ಅಂತಹ ಊರುಗಳಲ್ಲಿ ಅತ್ಯಂತ ಹಳೆಯವುಗಳಲ್ಲಿ ಒಂದೂ, ಮುಂದಿನ ಅನೇಕ ಊರುಗಳಿಗೆ ಮೇಲ್ಪಂಕ್ತಿಯೂ ಆದದ್ದು ಸೌತ್ ಕೆರೊಲೈನಾ ರಾಜ್ಯದ ಗ್ರಾನೈಟ್‌ವಿಲ್. ಅಲ್ಲಿಯ ಕಟ್ಟಡಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಒಬ್ಬ ಮನುಷ್ಯನ ಸದಾಶಯದಿಂದ ಊರೊಂದು ಎಷ್ಟರಮಟ್ಟಿಗೆ ಏಳಬಲ್ಲುದು, ಎಲ್ಲಿ ಆ ಸದಾಶಯಕ್ಕೆ ಮಿತಿಯುಂಟಾಗುತ್ತದೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ಹಾರ್ಸ್ ಕ್ರೀಕ್ ಕಣಿವೆ

ಜಾರ್ಜಿಯಾ ಮತ್ತು ಸೌತ್ ಕೆರೊಲೈನಾ ರಾಜ್ಯಗಳ ನಡುವೆ ಸವಾನಾ ನದಿಯು ಗಡಿಯಾಗಿ ಹರಿಯುತ್ತದೆ. ಜಾರ್ಜಿಯಾದ ದಡದಲ್ಲಿ ಆಗಸ್ಟಾ ಎಂಬ ಪಟ್ಟಣವಿದೆ. ಅಲ್ಲಿಂದ ಸೇತುವೆಯನ್ನು ದಾಟಿ ಪೂರ್ವದಿಕ್ಕಿಗೆ ಹತ್ತು-ಹನ್ನೆರಡು ಮೈಲಿ ಸಾಗಿದರೆ ಗ್ರಾನೈಟ್‌ವಿಲ್ ಸಿಗುತ್ತದೆ. ದಾರಿಯುದ್ದಕ್ಕೂ ಹಾರ್ಸ್ ಕ್ರೀಕ್ ಎಂಬ ಹಳ್ಳದ ಕಣಿವೆ. ಹೆಸರಿಗೆ ಹಳ್ಳವಾದರೂ ಅದರಲ್ಲಿ ನೀರು ಬತ್ತುವುದಿಲ್ಲ. ಎರಡು ಬದಿಗೂ ಮರಳು ದಿಬ್ಬಗಳು, ದಿಬ್ಬಗಳ ಮೇಲೆ ಪೈನ್ ಮರಗಳು. ಒಕ್ಕಲುತನಕ್ಕೆ ಅಷ್ಟಾಗಿ ಒದಗದ ನೆಲ.

ಆದರೂ ಗಿರಣಿಗೆ ಈ ಸ್ಥಳವೇ ಯೋಗ್ಯವೆನಿಸಲು ಕಾರಣವುಂಟು. ಅಮೆರಿಕದ ಪೂರ್ವಭಾಗದಲ್ಲಿ ಗಟ್ಟಿಬಂಡೆಯ ಎತ್ತರದ ಸೀಮೆಯು ಮುಗಿದು ಸಮುದ್ರತೀರದ ಮೆದುನೆಲವು ಪ್ರಾರಂಭವಾಗುವ ಒಂದು ಗೆರೆಯಿದೆ. ಆ ಗೆರೆಯನ್ನು ದಾಟುವಾಗ ನದಿ-ಹಳ್ಳಗಳೆಲ್ಲ ರಭಸದಿಂದ ಕೆಳಗಿಳಿಯುತ್ತವೆ. ಉಗಿಯಂತ್ರವು ಇನ್ನೂ ದುಬಾರಿಯಾಗಿದ್ದ ಆ ಕಾಲದಲ್ಲಿ ಯಂತ್ರಗಳನ್ನು ತಿರುಗಿಸಲು ಬೀಳುವ ನೀರಿಗಿಂತ ಅಗ್ಗದ ಶಕ್ತಿ ಮತ್ತೊಂದಿರಲಿಲ್ಲ. ಕಟ್ಟಡಕ್ಕೆ ಬೇಕಾದ ಕಲ್ಲೂ ಅದೇ ಕಣಿವೆಯಲ್ಲಿ ದೊರೆಯುತ್ತಿತ್ತು. ಊರಿಗೆ ಗ್ರಾನೈಟ್‌ವಿಲ್, ಅಂದರೆ ಗ್ರಾನೈಟ್ ಕಲ್ಲಿನ ಊರು ಎಂಬ ಹೆಸರು ಬಂದದ್ದು ಅದರಿಂದಲೇ.

ಮೂರನೆಯದು ರೈಲುಮಾರ್ಗ. ಚಾರ್ಲ್ಸ್‌ಟನ್ ಬಂದರಿನಿಂದ ಸವಾನಾ ನದಿಯ ದಡದ ಹ್ಯಾಂಬರ್ಗ್‌ವರೆಗೆ 136 ಮೈಲಿ ಉದ್ದದ ರೈಲುಮಾರ್ಗವು 1833ರಲ್ಲಿಯೇ ಪೂರ್ಣಗೊಂಡಿತ್ತು. ಆಗ ಜಗತ್ತಿನಲ್ಲಿ ಅಷ್ಟು ಉದ್ದದ ರೈಲುದಾರಿ ಬೇರೆಲ್ಲಿಯೂ ಇರಲಿಲ್ಲ. ಅದು ಹಾದುಹೋದದ್ದು ಈ ಕಣಿವೆಯ ಮೂಲಕವೇ. ನೀರು, ಕಲ್ಲು, ರೈಲು - ಈ ಮೂರೂ ಒಂದೆಡೆ ಕೂಡಿದ್ದವು. ಕೂಡಿಸಿ ನೋಡುವ ಕಣ್ಣು ಮಾತ್ರ ಬೇಕಾಗಿತ್ತು.

ಗಡಿಯಾರದ ಕಸಬಿನಿಂದ ಗಿರಣಿಗೆ

ಆ ಕಣ್ಣುಳ್ಳವನು ವಿಲಿಯಂ ಗ್ರೆಗ್. 1800ರಲ್ಲಿ ಜನಿಸಿದ ಈತ ಬಾಲ್ಯದಲ್ಲಿಯೇ ತಾಯಿಯ ಆಸರೆಯನ್ನು ಕಳೆದುಕೊಂಡು ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದವನು. ಚಿಕ್ಕಪ್ಪನು ಗಡಿಯಾರದ ಕೆಲಸವನ್ನು ಬಲ್ಲವನು. ಜಾರ್ಜಿಯಾದಲ್ಲಿ ಒಂದು ಸಣ್ಣ ಹತ್ತಿಗಿರಣಿಯನ್ನೂ ತೆರೆದಿದ್ದನು. ಆದರೆ ಇಂಗ್ಲೆಂಡಿನೊಡನೆ 1812ರಲ್ಲಿ ಆರಂಭವಾದ ಯುದ್ಧವು ಮುಗಿದೊಡನೆ ಅಗ್ಗದ ಇಂಗ್ಲಿಷ್ ಬಟ್ಟೆಯು ಪ್ರವಾಹದಂತೆ ಬಂದಿತು. ಅಂತಹ ಗಿರಣಿಗಳಿಗೆ ಉಳಿವಿಲ್ಲದಾಯಿತು. ಹುಡುಗನು ಗಡಿಯಾರ ಮತ್ತು ಬೆಳ್ಳಿಬಂಗಾರದ ಕಸಬನ್ನು ಕಲಿತು, ಸೌತ್ ಕೆರೊಲೈನಾಕ್ಕೆ ಬಂದು, ಆಭರಣದ ವ್ಯಾಪಾರದಲ್ಲಿ ಸಿರಿವಂತನಾದನು. ಮುಂದೆ ಹಾರ್ಸ್ ಕ್ರೀಕ್ ಕಣಿವೆಯಲ್ಲಿಯೇ ಇದ್ದ ವೊಕ್ಲೂಜ್ ಎಂಬ ಹಳೆಯ ಗಿರಣಿಯಲ್ಲಿ ಪಾಲು ಪಡೆದು, ಅದರ ಆಡಳಿತವನ್ನು ಸರಿಪಡಿಸಿ, ಗಿರಣಿಯ ಒಳಹೊರಗನ್ನು ಅರಿತುಕೊಂಡನು.

ದಕ್ಷಿಣದ ರಾಜ್ಯಗಳು ಅಂದು ಹತ್ತಿ ಬೆಳೆಯುವುದರಲ್ಲಿಯೇ ಮುಳುಗಿದ್ದವು. ಹತ್ತಿ ತಮ್ಮದು, ಬಟ್ಟೆ ಪರರದು. ಅರಳೆಯನ್ನು ಇಂಗ್ಲೆಂಡಿಗೂ ಉತ್ತರದ ರಾಜ್ಯಗಳಿಗೂ ಕಳಿಸಿ, ಅದೇ ಅರಳೆಯಿಂದಾದ ಬಟ್ಟೆಯನ್ನು ಹಲವು ಪಟ್ಟು ಬೆಲೆಗೆ ತರಿಸಿಕೊಳ್ಳುತ್ತಿದ್ದರು. ಗ್ರೆಗ್ 1844ರಲ್ಲಿ ಉತ್ತರದ ಗಿರಣಿ ಪಟ್ಟಣಗಳಲ್ಲಿ ಸಂಚರಿಸಿ ಬಂದು, ಚಾರ್ಲ್ಸ್‌ಟನ್ನಿನ ಪತ್ರಿಕೆಯಲ್ಲಿ ಸ್ವದೇಶದ ಉದ್ಯಮವನ್ನು ಕುರಿತು ಲೇಖನಮಾಲೆಯನ್ನೇ ಬರೆದನು. ಮರುವರ್ಷ ಅದು ಪುಸ್ತಿಕೆಯಾಗಿ ಹೊರಬಂದಿತು. ಭೂಮಿ ಸತ್ವಹೀನವಾಗುತ್ತಿದೆ, ಜನ ಪಶ್ಚಿಮಕ್ಕೆ ಗುಳೆ ಹೋಗುತ್ತಿದ್ದಾರೆ, ನೆಲವಿಲ್ಲದ ಬಡ ಬಿಳಿಯರಿಗೆ ಕೆಲಸವಿಲ್ಲ, ಅವರ ಮಕ್ಕಳಿಗೆ ಅಕ್ಷರವಿಲ್ಲ. ಇವೆಲ್ಲಕ್ಕೂ ಗಿರಣಿಯೊಂದೇ ಮದ್ದು ಎಂಬುದು ಅವನ ವಾದದ ತಿರುಳು. ಬರೆದುದನ್ನು ಮಾಡಿ ತೋರಿಸುವ ಛಲವೂ ಅವನಲ್ಲಿತ್ತು. 1845ರ ಡಿಸೆಂಬರಿನಲ್ಲಿ ಗ್ರಾನೈಟ್‌ವಿಲ್ ಕಂಪನಿಗೆ ರಾಜ್ಯದ ಶಾಸನಸಭೆಯಿಂದ ಸನ್ನದು ದೊರೆಯಿತು. ಮೂಲ ಬಂಡವಾಳ 3 ಲಕ್ಷ ಡಾಲರು.

ಕಲ್ಲಿನ ಗಿರಣಿ

ಮೊದಲು ಹಳ್ಳಕ್ಕೆ ಒಡ್ಡು ಹಾಕಿದರು. ಒಡ್ಡಿನಿಂದ ಸುಮಾರು ಒಂದು ಮೈಲಿ ಉದ್ದದ ಕಾಲುವೆಯನ್ನು ತೋಡಿ ನೀರನ್ನು ಎತ್ತರದಲ್ಲಿಯೇ ಹರಿಸಿಕೊಂಡು ಬಂದು, ಗಿರಣಿಯ ಬಳಿಯಲ್ಲಿ ಕೆಳಕ್ಕೆ ಧುಮುಕಿಸಿದರು. ಬೀಳುವ ನೀರು ಚಕ್ರವನ್ನು ತಿರುಗಿಸಿದರೆ, ಚಕ್ರವು ಉದ್ದನೆಯ ದಂಡಗಳನ್ನು ತಿರುಗಿಸುವುದು. ದಂಡದಿಂದ ಇಳಿಬಿದ್ದ ಚರ್ಮದ ಪಟ್ಟಿಗಳು ಒಂದೊಂದು ಯಂತ್ರಕ್ಕೂ ಚಲನೆಯನ್ನು ಹಂಚುವುವು. ಇಡೀ ಊರಿನ ಅನ್ನವು ಈ ಕಾಲುವೆಯ ನೀರಿನಲ್ಲಿತ್ತು.

ಗಿರಣಿಯ ಕಟ್ಟಡವು 1849ರ ಹೊತ್ತಿಗೆ ಕೆಲಸಕ್ಕೆ ಸಿದ್ಧವಾಯಿತು. ನೀಲಿಛಾಯೆಯ ಸ್ಥಳೀಯ ಗ್ರಾನೈಟಿನ ದಪ್ಪ ಗೋಡೆಗಳು. ಉದ್ದ 350 ಅಡಿ, ಅಗಲ ಮಾತ್ರ 50 ಅಡಿ. ಇಷ್ಟು ಉದ್ದಕ್ಕೆ ಇಷ್ಟು ಕಡಿಮೆ ಅಗಲವೇಕೆ ಎಂದು ನೋಡುವವರಿಗೆ ಅನಿಸಬಹುದು. ವಿದ್ಯುದ್ದೀಪವಿಲ್ಲದ ಕಾಲವದು. ಎರಡೂ ಕಡೆಯ ಸಾಲು ಕಿಟಕಿಗಳಿಂದ ಬಂದ ಬೆಳಕು ನಡುವಿನ ಯಂತ್ರದವರೆಗೆ ತಲುಪಬೇಕಾದರೆ ಕಟ್ಟಡವು ಕಿರಿದಾಗಿರಲೇಬೇಕು. ಕಡಿದ ಎಳೆಯನ್ನು ಕಂಡು ಕೂಡಿಸುವುದು ಬೆಳಕಿನ ಕೆಲಸ. ಇನ್ನು ದಂಡಗಳು ನೇರವಾಗಿ ಸಾಗಬೇಕಾದ ಕಾರಣ ಕಟ್ಟಡವು ಉದ್ದಕ್ಕೆ ಬೆಳೆಯಿತು. ಇಂತಹ ಗಿರಣಿಗಳಲ್ಲಿ ಮೆಟ್ಟಿಲುಗಳನ್ನು ಮುಖ್ಯ ಕಟ್ಟಡದ ಒಳಗೆ ಇಡದೆ ಗೋಪುರದಂತೆ ಹೊರಗೆ ಕಟ್ಟುತ್ತಿದ್ದರು. ಒಳಗಿನ ನೆಲವೆಲ್ಲ ಯಂತ್ರಗಳಿಗೆ ಉಳಿಯುತ್ತಿತ್ತು; ಬೆಂಕಿ ಬಿದ್ದರೆ ಅದು ಮೆಟ್ಟಿಲ ಹಾದಿಯಿಂದ ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಏರುವುದೂ ತಪ್ಪುತ್ತಿತ್ತು. ಅರಳೆಯ ಧೂಳು ಗಾಳಿಯಲ್ಲಿ ತೇಲುವ ಕಡೆ ಒಂದು ಕಿಡಿ ಸಾಕು. ಅಂದಿನ ಗಿರಣಿ ಮಾಲೀಕರಿಗೆ ನಷ್ಟಕ್ಕಿಂತಲೂ ಬೆಂಕಿಯ ಭಯ ಹೆಚ್ಚು.

ಸುಮಾರು 9 ಸಾವಿರ ಕದಿರುಗಳು, 300 ಮಗ್ಗಗಳು, ಸರಿಸುಮಾರು 300 ಮಂದಿ ಕೆಲಸಗಾರರು. ಇವರಲ್ಲಿ ಹೆಚ್ಚಿನವರು ಸುತ್ತಲಿನ ಮರಳುದಿಬ್ಬಗಳಿಂದ ಬಂದ ಬಡ ಒಕ್ಕಲು ಮಕ್ಕಳು ಮತ್ತು ಹೆಣ್ಣುಮಕ್ಕಳು. ಕೆಲಸವು ದಿನಕ್ಕೆ ಸುಮಾರು 12 ಗಂಟೆ, ವಾರಕ್ಕೆ ಆರು ದಿನ. ಸೂರ್ಯನನ್ನು ನೋಡಿ ಹೊಲಕ್ಕೆ ಹೋಗಿ, ಮಳೆಯನ್ನು ನೋಡಿ ಮನೆಗೆ ಬರುತ್ತಿದ್ದ ಜನರು ಈಗ ಗಿರಣಿಯ ಗಂಟೆಗೆ ಏಳುವುದನ್ನು ಕಲಿಯಬೇಕಾಯಿತು. ಗಡಿಯಾರದ ಕಸಬಿನವನು ಕಟ್ಟಿದ ಊರಿನಲ್ಲಿ ಕಾಲವೇ ಯಜಮಾನನಾದುದು ಸಹಜವಷ್ಟೆ.

ಮರದ ಮನೆಗಳು

ಗಿರಣಿಯ ಜೊತೆಜೊತೆಗೇ ಸುಮಾರು 900 ಜನರ ಒಂದು ಊರು ಎದ್ದಿತು. ಕೆಲಸಗಾರರ ಮನೆಗಳನ್ನು ಗ್ರೆಗ್ ಸಾಲಾಗಿ ಕಟ್ಟಿಸಿದನಾದರೂ ಕೊಟ್ಟಿಗೆಯಂತೆ ಕಟ್ಟಿಸಲಿಲ್ಲ. ಅಂದು ಅಮೆರಿಕದಲ್ಲಿ ಸಿರಿವಂತರು ಹಳ್ಳಿಗಾಡಿನಲ್ಲಿ ಇಷ್ಟಪಟ್ಟು ಕಟ್ಟಿಸಿಕೊಳ್ಳುತ್ತಿದ್ದ ಗಾಥಿಕ್ ಶೈಲಿಯನ್ನೇ ಕೂಲಿಕಾರರ ಮನೆಗಳಿಗೂ ಅಳವಡಿಸಿದನು. ಕಡಿದಾದ ಮಾಡು, ಸೂರಿನಂಚಿಗೆ ಕಸೂತಿಯಂತೆ ಕೊರೆದ ಹಲಗೆ, ಮುಂದೊಂದು ಪಡಸಾಲೆ. ಗೋಡೆಗೆ ಹಲಗೆಗಳನ್ನು ಅಡ್ಡಡ್ಡ ಜೋಡಿಸದೆ ನಿಲುವಾಗಿ ನಿಲ್ಲಿಸಿ, ಎರಡು ಹಲಗೆಗಳ ನಡುವಿನ ಸಂದಿಯ ಮೇಲೆ ಸಣ್ಣ ಪಟ್ಟಿಯನ್ನು ಬಡಿದಿದ್ದಾರೆ. ಇದರಿಂದ ಗಾಳಿಯೂ ಮಳೆಯೂ ಒಳಗೆ ಬರಲಾರವು. ಮನೆಯು ಇದ್ದುದಕ್ಕಿಂತ ಎತ್ತರವಾಗಿಯೂ ಕಾಣುತ್ತದೆ. ಮನೆಯ ಸುತ್ತ ಕಾಯಿಪಲ್ಲೆ ಬೆಳೆಯುವಷ್ಟು ಹಿತ್ತಲು.

ಒಂದು ಗುಡಿಸಲಿನಲ್ಲಿ ಒಟ್ಟಿಗೆ ಮಲಗುತ್ತಿದ್ದ ಸಂಸಾರಕ್ಕೆ ಬಾಗಿಲು-ಕಿಟಕಿಗಳುಳ್ಳ, ಬೇರೆ ಬೇರೆ ಕೋಣೆಗಳುಳ್ಳ ಮನೆಯು ಎಂತಹ ಸೌಭಾಗ್ಯವೆನಿಸಿರಬೇಕೆಂಬುದನ್ನು ನಾವು ಊಹಿಸಬಹುದು. ಬಾಡಿಗೆಯೂ ಹೆಚ್ಚಿರಲಿಲ್ಲ. ಆದರೆ ಮನೆಯನ್ನು ಕೊಡುತ್ತಿದ್ದುದು ಗಿರಣಿಗೆ ದುಡಿಯುವ ಕೈಗಳನ್ನು ಒದಗಿಸುವ ಕುಟುಂಬಕ್ಕೆ. ದಕ್ಷಿಣದ ಗಿರಣಿಯೂರುಗಳಲ್ಲೆಲ್ಲ ಮುಂದೆ ಇದೇ ಕಟ್ಟಳೆಯು ರೂಢಿಯಾಯಿತು. ಕೆಲಸ ಹೋದರೆ ಮನೆಯೂ ಹೋಯಿತು. ಮೇಸ್ತ್ರಿಯೊಡನೆ ಜಗಳವಾಡಿದವನು ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಬೇಕಾದ ಮಾತು ಕೂಲಿ ತಪ್ಪಿತೆಂದಷ್ಟೇ ಅಲ್ಲ, ಸೂರೂ ತಪ್ಪಿತೆಂದು.

ಶಾಲೆ ಮತ್ತು ಪ್ರಾರ್ಥನಾಮಂದಿರ

ಊರಿನ ನಡುವೆ ನಿಂತಿರುವ ಗ್ರಾನೈಟ್‌ವಿಲ್ ಅಕಾಡೆಮಿ ಎಂಬ ಶಾಲೆಯ ಕಟ್ಟಡವು ಗಿರಣಿಗಿಂತ ಎರಡು ವರ್ಷ ಹಿರಿದು. ಅದನ್ನು ಕಟ್ಟಿದ್ದು 1847ರಲ್ಲಿ. ಬಟ್ಟೆ ನೇಯುವ ಮೊದಲು ಅಕ್ಷರವನ್ನು ಕಲಿಸಬೇಕೆಂದು ಗ್ರೆಗ್ ಬಗೆದನೆಂಬುದಕ್ಕೆ ಈ ಕಟ್ಟಡವೇ ಸಾಕ್ಷಿ. ಆರು ವರ್ಷದಿಂದ ಹನ್ನೆರಡು ವರ್ಷದವರೆಗಿನ ಎಲ್ಲ ಮಕ್ಕಳೂ ಶಾಲೆಗೆ ಬರಲೇಬೇಕು. ವಿದ್ಯೆಯೂ ಪುಸ್ತಕಗಳೂ ಉಚಿತ. ಮಗು ಶಾಲೆ ತಪ್ಪಿಸಿದರೆ ತಂದೆತಾಯಿಯ ಕೂಲಿಯಿಂದ ದಿನಕ್ಕೆ ಐದು ಸೆಂಟು ಕಡಿತ. ದಕ್ಷಿಣದ ರಾಜ್ಯಗಳಲ್ಲಿ ಕಡ್ಡಾಯ ಶಿಕ್ಷಣದ ಕಾಯಿದೆಗಳು ಬಂದದ್ದು ಅದೆಷ್ಟೋ ದಶಕಗಳ ನಂತರ. ಸೌತ್ ಕೆರೊಲೈನಾದಲ್ಲಿಯೂ ಅದು ಇಪ್ಪತ್ತನೆಯ ಶತಮಾನದ ಮಾತು. ಅಂದಮೇಲೆ ಈ ಕಟ್ಟಳೆಯ ಹಿರಿಮೆ ಸಣ್ಣದಲ್ಲ. ಅದರ ಮಗ್ಗುಲಿಗೇ ಇನ್ನೊಂದು ಸತ್ಯವೂ ಇದೆ. ಹನ್ನೆರಡು ತುಂಬಿದೊಡನೆ ಆ ಮಕ್ಕಳು ಗಿರಣಿಗೆ ನಡೆಯುತ್ತಿದ್ದರು.

1849ರಲ್ಲಿ ಕಟ್ಟಿದ ಸಂತ ಜಾನ್ ಮೆಥಡಿಸ್ಟ್ ಚರ್ಚೂ ಗಾಥಿಕ್ ಶೈಲಿಯದೇ. ಊರಿನಲ್ಲಿ ಮದ್ಯಕ್ಕೆ ಪ್ರವೇಶವಿರಲಿಲ್ಲ. ಮದ್ಯವನ್ನು ದೂರವಿಟ್ಟ ಮನೆಗಳಲ್ಲಿ ಕೂಲಿಯ ಹಣವು ಮಕ್ಕಳ ಹೊಟ್ಟೆಗೆ ಸೇರಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಶಾಲೆ ಗಿರಣಿಯದು, ಮನೆ ಗಿರಣಿಯದು, ಕುಡಿಯಬೇಕೋ ಬೇಡವೋ ಎಂಬ ನಿರ್ಧಾರವೂ ಗಿರಣಿಯದೇ. ತಂದೆಯು ಮಕ್ಕಳನ್ನು ಸಾಕುವಂತೆ ಗ್ರೆಗ್ ಊರನ್ನು ಸಾಕಿದನು. ಮಕ್ಕಳು ಬೆಳೆದು ದೊಡ್ಡವರಾಗುವುದಕ್ಕೆ ಆ ಏರ್ಪಾಡಿನಲ್ಲಿ ಎಡೆಯಿರಲಿಲ್ಲ.

1867ರ ಸೆಪ್ಟೆಂಬರಿನಲ್ಲಿ ಗ್ರೆಗ್ ತೀರಿಕೊಂಡನು. ಒಡೆದ ಒಡ್ಡನ್ನು ಸರಿಪಡಿಸಲು ಕೆಲಸಗಾರರೊಡನೆ ಸೊಂಟಮಟ್ಟದ ನೀರಿನಲ್ಲಿ ನಿಂತದ್ದರಿಂದ ಅವನ ಆರೋಗ್ಯ ಕೆಟ್ಟಿತೆಂದು ಹೇಳುತ್ತಾರೆ.

ಬಾಗಿಲ ಹೊರಗೆ ಉಳಿದವರು

ಈ ಊರಿನ ಚರಿತ್ರೆಯನ್ನು ಇಷ್ಟಕ್ಕೇ ಮುಗಿಸಿದರೆ ಅರ್ಧಸತ್ಯವನ್ನು ಹೇಳಿದಂತಾದೀತು. ಗ್ರಾನೈಟ್‌ವಿಲ್ ಗಿರಣಿಗೆ ಬರುತ್ತಿದ್ದ ಅರಳೆಯನ್ನು ಬೆಳೆದವರು ಯಾರು? ಸಂತೆಯಲ್ಲಿ ದನಗಳಂತೆ ಮಾರಾಟವಾಗುತ್ತಿದ್ದ ಆಫ್ರಿಕಾ ಮೂಲದ ಗುಲಾಮರು. ಬಡ ಬಿಳಿಯರ ಮಕ್ಕಳಿಗಾಗಿ ಅಷ್ಟೊಂದು ಕನಿಕರಪಟ್ಟ ಗ್ರೆಗ್ ಗುಲಾಮಗಿರಿಯನ್ನು ವಿರೋಧಿಸಿದವನಲ್ಲ. 1860ರ ಡಿಸೆಂಬರಿನಲ್ಲಿ ಸೌತ್ ಕೆರೊಲೈನಾವು ಗುಲಾಮಗಿರಿಯ ರಕ್ಷಣೆಗಾಗಿ ಒಕ್ಕೂಟದಿಂದ ಹೊರಬಿದ್ದಾಗ, ಆ ಘೋಷಣಾಪತ್ರಕ್ಕೆ ಸಹಿ ಹಾಕಿದವರಲ್ಲಿ ಅವನೂ ಒಬ್ಬ. ಕರುಣೆಯು ಬಣ್ಣವನ್ನು ನೋಡಿ ನಿಂತುಬಿಟ್ಟರೆ ಅದನ್ನು ಏನೆಂದು ಕರೆಯಬೇಕು?

1865ರಲ್ಲಿ ಗುಲಾಮಗಿರಿಯು ಅಳಿದ ಮೇಲೂ ಗಿರಣಿಯ ಬಾಗಿಲು ಕರಿಯರಿಗೆ ತೆರೆಯಲಿಲ್ಲ. 1915ರಲ್ಲಿ ಸೌತ್ ಕೆರೊಲೈನಾದ ಶಾಸನವೊಂದು ಬಟ್ಟೆ ಗಿರಣಿಗಳಲ್ಲಿ ಬಿಳಿಯರೂ ಕರಿಯರೂ ಒಂದೇ ಕೋಣೆಯಲ್ಲಿ ಕೆಲಸ ಮಾಡುವುದನ್ನೇ ನಿಷೇಧಿಸಿತು. ಅಂಗಳ ಗುಡಿಸುವುದು, ಅರಳೆಯ ಹೊರೆಗಳನ್ನು ಹೊರುವುದು, ಇಷ್ಟೇ ಕರಿಯರ ಪಾಲಿಗೆ ಉಳಿದದ್ದು. 1964ರ ನಾಗರಿಕ ಹಕ್ಕುಗಳ ಕಾಯಿದೆಯಾದ ಮೇಲೆಯೇ ಅವರು ಮಗ್ಗದ ಮುಂದೆ ನಿಲ್ಲುವಂತಾಯಿತು. ಬೆವರಿಳಿಸಿ ಹತ್ತಿಯನ್ನು ಬಿಡಿಸಿದವರ ಸಂತತಿಗೆ ಆ ಹತ್ತಿಯನ್ನು ನೂಲುವ ಹಕ್ಕು ಬರಲು ನೂರು ವರ್ಷ ಬೇಕಾಯಿತು.

ಒಳಗಿದ್ದವರ ಬಾಳೂ ಹೂವಿನ ಹಾಸಿಗೆಯಾಗಿರಲಿಲ್ಲ. 1880ರ ತರುವಾಯ ದಕ್ಷಿಣದಲ್ಲೆಲ್ಲ ಗಿರಣಿಗಳು ನಾಯಿಕೊಡೆಗಳಂತೆ ಎದ್ದವು. 1920ರ ದಶಕದಲ್ಲಿ ಕದಿರುಗಳ ಎಣಿಕೆಯಲ್ಲಿ ದಕ್ಷಿಣವು ಉತ್ತರವನ್ನು ಹಿಂದೆ ಹಾಕಿತು. ಗ್ರೆಗ್‌ನ ಗಿರಣಿ-ಮನೆ-ಮಂದಿರಗಳ ಮಾದರಿಯನ್ನು ಎಲ್ಲರೂ ಅನುಸರಿಸಿದರು; ಅವನ ಶಾಲೆಯ ಕಟ್ಟಳೆಯನ್ನು ಮಾತ್ರ ಅನೇಕರು ಕೈಬಿಟ್ಟರು. ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕನು 1908ರಿಂದ ಈ ಗಿರಣಿಗಳನ್ನು ಸುತ್ತಿ ಬರಿಗಾಲಿನ ಬಾಲಕಾರ್ಮಿಕರ ಚಿತ್ರಗಳನ್ನು ತೆಗೆದನು. ಯಂತ್ರದೆತ್ತರಕ್ಕೂ ಬಾರದ ಹೆಣ್ಣುಮಗು ಕದಿರುಗಳ ಸಾಲಿನ ಮುಂದೆ ನಿಂತಿರುವ ಅಂತಹ ಚಿತ್ರಗಳನ್ನು ನೋಡಿ ದೇಶವೇ ಬೆಚ್ಚಿತು. ಆದರೂ ಹದಿನಾರು ವರ್ಷದೊಳಗಿನ ಮಕ್ಕಳನ್ನು ಗಿರಣಿಯಿಂದ ಹೊರಗಿಡುವ ಕಾಯಿದೆಯು ದೇಶಕ್ಕೆಲ್ಲ ಅನ್ವಯವಾಗಿ ನೆಲೆಯೂರಿದ್ದು 1938ರಲ್ಲಿ.

1934ರ ಸೆಪ್ಟೆಂಬರಿನಲ್ಲಿ ಬಟ್ಟೆ ಗಿರಣಿಗಳ ಮಹಾಮುಷ್ಕರವು ನಡೆಯಿತು. ಇದೇ ರಾಜ್ಯದ ಹನಿ ಪಾತ್ ಎಂಬ ಊರಿನ ಚಿಕೋಲಾ ಗಿರಣಿಯ ಮುಂದೆ ಗುಂಡಿಗೆ ಏಳು ಮಂದಿ ಕೆಲಸಗಾರರು ಬಲಿಯಾದರು. ಆ ಊರಿನಲ್ಲಿ ಅವರಿಗೊಂದು ಸ್ಮಾರಕಶಿಲೆ ನಿಂತದ್ದು 1995ರಲ್ಲಿ. ಅರವತ್ತು ವರ್ಷ ಜನರು ಆ ಮಾತನ್ನು ಮನೆಯೊಳಗೂ ಎತ್ತಲು ಅಂಜುತ್ತಿದ್ದರೆಂದರೆ, ಕೆಲಸವನ್ನೂ ಮನೆಯನ್ನೂ ಒಂದೇ ಕೈ ಕೊಟ್ಟಾಗ ನಾಲಿಗೆಗೆ ಬೀಳುವ ಕಟ್ಟು ಎಂತಹದೆಂಬುದು ತಿಳಿಯುತ್ತದೆ. ಇನ್ನು ಅರಳೆಯ ಧೂಳು ವರ್ಷಾನುಗಟ್ಟಲೆ ಎದೆಗೆ ಸೇರಿ ಉಸಿರಾಟವನ್ನೇ ಕಟ್ಟಿಹಾಕುವ ರೋಗವು ಸಾವಿರಾರು ಜನರನ್ನು ನರಳಿಸಿತು. ಗಿರಣಿಯ ಗಾಳಿಯಲ್ಲಿ ಇರಬಹುದಾದ ಧೂಳಿಗೆ ಸರಕಾರವು ಕಟ್ಟುನಿಟ್ಟಾದ ಮಿತಿಯನ್ನು ವಿಧಿಸಿದ್ದು 1978ರಲ್ಲಿ.

ನಮ್ಮ ಎರೆಹೊಲಕ್ಕೂ ಬಂದ ಹತ್ತಿ

ಅಮೆರಿಕದ ಈ ಹತ್ತಿಯ ಕಥೆಯು ನಮ್ಮ ನಾಡಿಗೆ ತೀರ ಹೊರಗಿನದೇನಲ್ಲ. ಗ್ರಾನೈಟ್‌ವಿಲ್ಲಿನ ಕಲ್ಲುಗಳು ಏಳುತ್ತಿದ್ದ 1840ರ ದಶಕದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ದಕ್ಷಿಣದಿಂದ ಹತ್ತಿಯ ಬೇಸಾಯಗಾರರನ್ನು ಭಾರತಕ್ಕೆ ಕರೆಸಿತ್ತು. ಅವರು ತಂದ ನ್ಯೂ ಆರ್ಲಿಯನ್ಸ್ ಬೀಜವು ಭಾರತದ ಹೆಚ್ಚಿನ ಕಡೆಗಳಲ್ಲಿ ಸೋತರೂ ಹುಬ್ಬಳ್ಳಿ-ಧಾರವಾಡ-ಗದಗಿನ ಸೀಮೆಯ ಎರೆಭೂಮಿಯಲ್ಲಿ ನೆಲೆಗೊಂಡಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದ ಅದು ಪೇಟೆಯಲ್ಲಿ ಪ್ರಸಿದ್ಧವಾಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಅರಳೆಯು ಇಂಗ್ಲೆಂಡಿಗೆ ಹೋಗುವುದು ನಿಂತಾಗ, ನಮ್ಮ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಇಳಿದುಹೋಯಿತು. ಏಳು ಕಡಲಾಚೆಯ ಯುದ್ಧಕ್ಕೂ ನಮ್ಮ ರೈತನ ಕಣಜಕ್ಕೂ ಸಂಬಂಧವಿರುವುದು ಇಂದಿನ ಮಾತಲ್ಲ. ಮುಂದೆ 1885ರಲ್ಲಿ ಸ್ಥಾಪಿತವಾದ ಗೋಕಾಕದ ಗಿರಣಿಯೂ ಘಟಪ್ರಭೆಯ ಧುಮುಕುವ ನೀರನ್ನೇ ನಂಬಿ ಹುಟ್ಟಿತು. ಅಲ್ಲಿಯೂ ಜಲಪಾತದ ಮಗ್ಗುಲಲ್ಲಿ ಕೆಲಸಗಾರರ ವಸತಿಯ ಊರೊಂದು ಬೆಳೆಯಿತು. ಅಲ್ಲಿ ಬಾಳಿದ ಕುಟುಂಬಗಳಿಗೆ ಗ್ರಾನೈಟ್‌ವಿಲ್ಲಿನ ಕಥೆಯು ಅಪರಿಚಿತವೆನಿಸಲಾರದು.

ಮಗ್ಗಗಳು ಮೌನವಾದುದು

ಗ್ರಾನೈಟ್‌ವಿಲ್ ಕಂಪನಿಯು ಒಂದೂವರೆ ಶತಮಾನ ಬಾಳಿತು. ಹೊಸ ಗಿರಣಿಗಳು ಎದ್ದವು. ನೀರಿನ ಚಕ್ರ ಹೋಗಿ ವಿದ್ಯುತ್ತು ಬಂದಿತು. ಹಳೆಯ ಕಾಲುವೆ, ಗಿರಣಿ, ಶಾಲೆ, ಚರ್ಚು ಹಾಗೂ ಉಳಿದಿದ್ದ 26 ಗಾಥಿಕ್ ಮನೆಗಳನ್ನು ಒಳಗೊಂಡ ಪ್ರದೇಶವನ್ನು 1978ರಲ್ಲಿ ಅಮೆರಿಕ ಸರಕಾರವು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿಸಿತು. 1996ರಲ್ಲಿ ಗಿರಣಿಗಳು ಏವನ್‌ಡೇಲ್ ಎಂಬ ಕಂಪನಿಯ ವಶವಾದವು. ಅಷ್ಟರಲ್ಲಿ ಹೊರದೇಶಗಳ ಅಗ್ಗದ ಬಟ್ಟೆಯು ದಕ್ಷಿಣದ ಗಿರಣಿಗಳನ್ನು ಒಂದೊಂದಾಗಿ ಮುಚ್ಚಿಸುತ್ತ ಬಂದಿತ್ತು. ಗ್ರೆಗ್‌ನ ಚಿಕ್ಕಪ್ಪನನ್ನು ಕಾಡಿದ ಕಷ್ಟವೇ ಹೊಸ ರೂಪದಲ್ಲಿ ಮರಳಿತ್ತು. ಆಮದು ಬಟ್ಟೆಗೆ ಇದ್ದ ಪ್ರಮಾಣಮಿತಿಗಳು 2005ರ ಜನವರಿ 1ರಂದು ಕೊನೆಗೊಂಡವು.

ಅದಾಗಿ ಐದೇ ದಿನಗಳಲ್ಲಿ, ಜನವರಿ 6ರ ಬೆಳಗಿನ ಜಾವ ಎರಡೂವರೆ ಗಂಟೆ ಮೀರಿದ ಹೊತ್ತಿಗೆ, ಊರಿನ ನಡುವೆ ಹಾಯುವ ರೈಲುದಾರಿಯಲ್ಲಿ ಘೋರ ಅನಾಹುತವು ಸಂಭವಿಸಿತು. ಹಿಂದಿನ ಸಂಜೆ ಗಿರಣಿಯ ಪಕ್ಕದ ಕವಲುಹಳಿಯಲ್ಲಿ ಒಂದು ಗಾಡಿಯನ್ನು ನಿಲ್ಲಿಸಿ ಹೋದವರು ಹಳಿಯ ಕೀಲನ್ನು ಮುಖ್ಯದಾರಿಯ ಕಡೆಗೆ ಮರಳಿ ತಿರುಗಿಸಿರಲಿಲ್ಲ. ವೇಗವಾಗಿ ಬಂದ ಸರಕುಗಾಡಿಯು ಕವಲಿಗೆ ಹೊರಳಿ ನಿಂತ ಗಾಡಿಗೆ ಅಪ್ಪಳಿಸಿತು. ಕ್ಲೋರಿನ್ ತುಂಬಿದ್ದ ತೊಟ್ಟಿಯೊಂದು ಒಡೆದು ಸುಮಾರು 60 ಟನ್ ವಿಷಾನಿಲವು ಹೊರಬಿದ್ದಿತು. ಒಂಬತ್ತು ಜನರು ಪ್ರಾಣ ಕಳೆದುಕೊಂಡರು; ಅವರಲ್ಲಿ ಆರು ಮಂದಿ ರಾತ್ರಿಪಾಳಿಯಲ್ಲಿದ್ದ ಗಿರಣಿಯ ಕೆಲಸಗಾರರು. 500ಕ್ಕೂ ಹೆಚ್ಚು ಜನರು ಆಸ್ಪತ್ರೆಗೆ ಹೋದರು. ಸುಮಾರು 5,400 ಜನರು ಮನೆಮಠ ಬಿಟ್ಟು ದೂರ ಸಾಗಬೇಕಾಯಿತು. ಒಂದು ಕೀಲನ್ನು ತಿರುಗಿಸಲು ಮರೆತದ್ದರ ಫಲವಿದು. ಆ ವರ್ಷದ ಅಕ್ಟೋಬರಿನಲ್ಲಿಯೇ, ಕೈಯಿಂದ ತಿರುಗಿಸುವ ಇಂತಹ ಕೀಲುಗಳ ವಿಷಯದಲ್ಲಿ ರೈಲ್ವೆಗಳಿಗೆಲ್ಲ ತುರ್ತು ಆದೇಶವು ಹೊರಟಿತು.

ಕ್ಲೋರಿನ್ ಲೋಹವನ್ನು ತಿನ್ನುವ ಅನಿಲ. ಯಂತ್ರಗಳಲ್ಲಿಯೂ ವಿದ್ಯುತ್ ಉಪಕರಣಗಳಲ್ಲಿಯೂ ಅದರ ತುಕ್ಕು ಹರಡಿತು. ಸರಿಪಡಿಸಿದಷ್ಟೂ ಹೊಸದಾಗಿ ಕಾಣಿಸಿಕೊಂಡಿತು. 2006ರಲ್ಲಿ ಕಂಪನಿಯು ತನ್ನ ಎಲ್ಲ ಗಿರಣಿಗಳನ್ನೂ ಮುಚ್ಚಿತು. ಹಲವು ರಾಜ್ಯಗಳಲ್ಲಿ ಸೇರಿ 4,000ಕ್ಕೂ ಹೆಚ್ಚು ಜನರು ಕೆಲಸ ಕಳೆದುಕೊಂಡರು. 1849ರಲ್ಲಿ ಹಿಡಿದ ಸದ್ದು ನಿಂತಿತು.

ಉಳಿದದ್ದು ಯಾವುದು?

ದಪ್ಪ ಕಲ್ಲಿನ ಗೋಡೆಯ ಗಿರಣಿಯು ಶಾಶ್ವತವೆಂದೂ, ಹಲಗೆಯ ಮನೆಗಳು ತಾತ್ಕಾಲಿಕವೆಂದೂ ಕಟ್ಟಿಸಿದವನು ಭಾವಿಸಿದ್ದಿರಬಹುದು. ಆದದ್ದು ಬೇರೆ. ಕಲ್ಲಿನ ಗಿರಣಿಯಲ್ಲಿ ಮಗ್ಗದ ಸದ್ದು ಅಡಗಿತು. ಮರದ ಮನೆಗಳ ಸಾಲಿನಲ್ಲಿ ಸಂಸಾರಗಳು ಮುಂದುವರಿದವು. ಇದಕ್ಕೆ ಕಾರಣವನ್ನು ಮರದ ಗಟ್ಟಿತನದಲ್ಲಿ ಹುಡುಕಬೇಕಾಗಿಲ್ಲ. 1930ರ ದಶಕದ ಬಳಿಕ ದಕ್ಷಿಣದ ಗಿರಣಿಗಳು ತಮ್ಮ ಮನೆಗಳನ್ನು ಅದರಲ್ಲಿ ವಾಸವಿದ್ದವರಿಗೇ ಮಾರತೊಡಗಿದವು. ಬಾಡಿಗೆಯ ಸೂರು ಸ್ವಂತದ ಮನೆಯಾಯಿತು. ತನ್ನದೆಂದಾದ ಮೇಲೆ ಮನುಷ್ಯನು ಮಾಡಿನ ಹಲಗೆಯನ್ನು ಬದಲಿಸುತ್ತಾನೆ, ಗೋಡೆಗೆ ಬಣ್ಣ ಬಳಿಯುತ್ತಾನೆ, ಹಿತ್ತಲಲ್ಲಿ ಮೊಮ್ಮಕ್ಕಳು ಉಣ್ಣಲೆಂದು ಹಣ್ಣಿನ ಗಿಡವನ್ನು ನೆಡುತ್ತಾನೆ. ಒಡೆಯನ ಇಚ್ಛೆಯಿಂದ ನಡೆಯುತ್ತಿದ್ದುದು ಒಡೆಯನೊಡನೆ ಹೋಯಿತು. ಜನರ ಕೈಗೆ ಬಂದದ್ದು ಜನರೊಡನೆ ಉಳಿಯಿತು. ಶಾಲೆಯ ಅಕ್ಷರವೂ ಅಂತಹುದೇ. ಕಲಿತವನಿಂದ ಅದನ್ನು ಮರಳಿ ಪಡೆಯಲು ಯಾವ ಕಂಪನಿಗೂ ಸಾಧ್ಯವಿಲ್ಲ.

ಊರನ್ನು ಕಟ್ಟುವವರಿಗೂ, ಸಂಸ್ಥೆಗಳನ್ನು ನಡೆಸುವವರಿಗೂ, ಕೆಲಸಗಾರರಿಗೆ ವಸತಿ ಕೊಡುವ ಉದ್ಯಮಿಗಳಿಗೂ ಇದರಲ್ಲಿ ಪಾಠವಿದೆ. ಕೊಡುವುದು ದೊಡ್ಡದು. ಕೊಟ್ಟುದನ್ನು ಪಡೆದವನ ಸ್ವಂತವಾಗಲು ಬಿಡುವುದು ಅದಕ್ಕಿಂತ ದೊಡ್ಡದು.

ಗ್ರಾನೈಟ್‌ವಿಲ್ಲಿನ ಸ್ಮಶಾನದಲ್ಲಿ ಒಂದು ಪುಟ್ಟ ಸಮಾಧಿಯಿದೆ. 1855ರಲ್ಲಿ ರೈಲಿನಲ್ಲಿ ಒಂಟಿಯಾಗಿ ಬಂದ ಬಾಲಕನೊಬ್ಬನು ಕಾಯಿಲೆಯಿಂದ ನರಳುತ್ತಿದ್ದುದರಿಂದ ಅವನನ್ನು ಇಲ್ಲಿ ಇಳಿಸಿಕೊಂಡರಂತೆ. ಊರವರು ಉಪಚರಿಸಿದರೂ ಬದುಕಲಿಲ್ಲ. ಹೆಸರೇನು, ಯಾರ ಮಗ ಎಂಬುದು ಕೊನೆಗೂ ತಿಳಿಯಲಿಲ್ಲ. ಊರವರೇ ಹಣ ಕೂಡಿಸಿ ಶವಸಂಸ್ಕಾರ ಮಾಡಿದರು. ‘ಪುಟ್ಟ ಹುಡುಗ’ ಎಂದಷ್ಟೇ ಬರೆಸಿ ಕಲ್ಲನ್ನು ನಿಲ್ಲಿಸಿದರು. ಇಂದಿಗೂ ಜನರು ಅಲ್ಲಿ ಆಟಿಕೆಗಳನ್ನು ಇಟ್ಟು ಬರುತ್ತಾರೆ. ಈ ಊರಿನ ಹಳೆಯ ಕಟ್ಟಡಗಳಲ್ಲಿ ಬಹುಪಾಲು ಕಂಪನಿಯ ಹಣದಿಂದ ಎದ್ದವು. ಈ ಸಣ್ಣ ಕಲ್ಲು ಮಾತ್ರ ಕೂಲಿಯ ಜನರು ತಾವಾಗಿಯೇ, ತಮಗೇನೂ ಆಗದ ಪರಮಗುವಿಗಾಗಿ ನಿಲ್ಲಿಸಿದ್ದು.